ಚಿಗಟ ಹಾರುವುದು ಮಂಡಿಯಿಂದಲೋ ಪಾದದಿಂದಲೋ: ಬಯಾಲಜಿ ಜರ್ನಲ್‌ನಲ್ಲಿ ಒಂದು ಪೇಪರ್ ಬರುವ ಬಗೆ

ಚಿಗಟ ಹೇಗೆ ಹಾರುತ್ತದೆ? ಕೇಳೋದಕ್ಕೆ ಸಣ್ಣ ಪ್ರಶ್ನೆ. ಉತ್ತರ ಒಂದು ಹದಕ್ಕೆ ಬರಲು ನಲವತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು.

1967ರಲ್ಲಿ ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ಎಂಬ ಇಬ್ಬರು ಚಿಗಟದ ಜಿಗಿತದ ಬಗ್ಗೆ ಒಂದು ಪೇಪರ್, ಅಂದರೆ ಸಂಶೋಧನಾ ಲೇಖನ, ಪ್ರಕಟಿಸಿದರು. ಅದರ ತಿರುಳು ಇಷ್ಟು: ಚಿಗಟ ನೆಲ ಬಿಡುವ ವೇಗಕ್ಕೆ ಬರೀ ಸ್ನಾಯುವಿನ ಬಲ ಸಾಲದು. ಅಷ್ಟು ಬೇಗ ಯಾವ ಸ್ನಾಯುವೂ ಕುಗ್ಗಲಾರದು. ಹಾಗಾಗಿ ಅದು ಮೊದಲು ನಿಧಾನವಾಗಿ ಶಕ್ತಿಯನ್ನು ಕೂಡಿಡುತ್ತದೆ. ಮೈಯೊಳಗಿನ ರಬ್ಬರಿನಂಥ ಒಂದು ಮೆತ್ತೆಯನ್ನು ಅದುಮಿ ಹಿಡಿದು, ಆಮೇಲೆ ಒಂದೇ ಏಟಿಗೆ ಬಿಟ್ಟುಬಿಡುತ್ತದೆ. ಈ ಮೆತ್ತೆಯಲ್ಲಿರುವ ಪ್ರೋಟೀನಿನ ಹೆಸರು ರೆಸಿಲಿನ್. ಮಿಡತೆ ಮತ್ತು ಏರೋಪ್ಲೇನ್ ಚಿಟ್ಟೆಗಳಲ್ಲಿ ಅದನ್ನು ಕಂಡು, 1960ರಲ್ಲಿ ವಿವರಿಸಿದವರು ಟಾರ್ಕೆಲ್ ವೈಸ್-ಫೋ.

ಇಷ್ಟರ ಮಟ್ಟಿಗೆ ತಕರಾರಿರಲಿಲ್ಲ. ಜಗಳ ಇದ್ದದ್ದು ಬೇರೆ ಕಡೆ. ಆ ಶಕ್ತಿ ನೆಲಕ್ಕೆ ತಲುಪುವುದು ಕಾಲಿನ ಯಾವ ಭಾಗದಿಂದ? ಚಿಗಟಗಳ ವಿಷಯದಲ್ಲಿ ದೊಡ್ಡ ಹೆಸರಾದ ಮಿರಿಯಂ ರಾತ್‌ಚೈಲ್ಡ್ ಅವರ ಪ್ರಕಾರ, ಕಾಲಿನ ಮೇಲ್ಗಡೆಯ ಗಂಟಿನಿಂದ. ಸುಲಭಕ್ಕೆ ಅದನ್ನು ಮಂಡಿ ಅಂದುಕೊಳ್ಳೋಣ. ಬೆನೆಟ್-ಕ್ಲಾರ್ಕ್ ಅವರ ಪ್ರಕಾರ, ಪಾದದಿಂದ. ಆಗಿನ ಕ್ಯಾಮೆರಾಗಳಿಗೆ ಇಬ್ಬರಲ್ಲಿ ಯಾರು ಸರಿ ಎಂದು ಹೇಳುವ ತಾಕತ್ತಿರಲಿಲ್ಲ. ಪ್ರಶ್ನೆ ಹಾಗೇ ಉಳಿಯಿತು.

2011ರಲ್ಲಿ ಕೇಂಬ್ರಿಜ್‌ನ ಗ್ರೆಗರಿ ಸಟನ್ ಮತ್ತು ಮಾಲ್ಕಂ ಬರೋಸ್ ಅದನ್ನು ಮತ್ತೆ ಕೈಗೆತ್ತಿಕೊಂಡರು. ವೇಗದ ಕ್ಯಾಮೆರಾ ಇಟ್ಟರು. ಆದರೆ ಚಿಗಟ ಕ್ಯಾಮೆರಾದ ಮುಂದೆ ಸುಮ್ನೆ ಕೂರಬೇಕಲ್ಲ? ಅವರಿಗೆ ಒಂದು ಉಪಾಯ ಸಿಕ್ಕಿತು. ಕತ್ತಲಲ್ಲಿ ಚಿಗಟ ಅಲ್ಲಾಡುವುದಿಲ್ಲ, ಬೆಳಕು ಬಂದ ಮೇಲೆಯೇ ಹಾರುತ್ತದೆ. ಕತ್ತಲಲ್ಲಿ ಕ್ಯಾಮೆರಾ ಹೊಂದಿಸಿಕೊಂಡು ಆಮೇಲೆ ದೀಪ ಹಾಕಿದರು. 10 ಚಿಗಟಗಳ 51 ಜಿಗಿತಗಳು ಸಿಕ್ಕವು. ಹೆಚ್ಚಿನ ಜಿಗಿತಗಳಲ್ಲಿ ಮಂಡಿಯೂ ಪಾದವೂ ನೆಲಕ್ಕೆ ತಾಗಿದ್ದವು. ಕೆಲವು ಜಿಗಿತಗಳಲ್ಲಿ ಮಾತ್ರ ಮಂಡಿ ನೆಲಕ್ಕೆ ತಾಗಿರಲೇ ಇಲ್ಲ. ಆದರೂ ಚಿಗಟ ಅಷ್ಟೇ ಜೋರಾಗಿ ಹಾರಿತ್ತು.

ಆ ಕೆಲವೇ ಜಿಗಿತಗಳಲ್ಲಿ ಎಲ್ಲ ಇದೆ. ಮಂಡಿಯಿಂದಲೇ ಹಾರುವುದು ನಿಜವಾಗಿದ್ದರೆ, ಮಂಡಿ ತಾಗದ ಜಿಗಿತ ಸೋಲಬೇಕಿತ್ತು. ಸೋಲಲಿಲ್ಲ. ಜೊತೆಗೆ ಅವರು ಎರಡು ಬಗೆಯ ಜಿಗಿತಕ್ಕೂ ಗಣಿತದ ಮಾದರಿ ಕಟ್ಟಿ ನೋಡಿದರು. ಪಾದದಿಂದ ಒತ್ತುವ ಮಾದರಿಯೇ ಕ್ಯಾಮೆರಾದಲ್ಲಿ ಕಂಡದ್ದಕ್ಕೆ ಹೊಂದಿಕೊಂಡಿತು.

1960ರ ರೆಸಿಲಿನ್, 1967ರ ಚಿಗಟ, 2011ರ ಚಿಗಟ, ಮೂರೂ ಬಂದದ್ದು ಒಂದೇ ಜರ್ನಲ್‌ನಲ್ಲಿ. ಹೆಸರು ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಬಯಾಲಜಿ. ಪ್ರಾಣಿಗಳ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವವರಿಗೆ ಅದು ದೊಡ್ಡ ಮನೆ. ಅಂಥ ಮನೆಯೊಳಗೆ ಒಂದು ಪೇಪರ್ ಹೋಗುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೇಪರ್ ಪ್ರಕಟಿಸುವುದು ಬರವಣಿಗೆಯ ಕೆಲಸ ಎಂದು ಹೊಸಬರು ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ನಿಜಕ್ಕೂ ಪೇಪರಿನ ಹಣೆಬರಹ ಬರೆಯುವುದು ಪ್ರಯೋಗದ ಮೊದಲ ದಿನ. ಪ್ರಕಟಣೆಗೆ ಮೊದಲು ಪೇಪರನ್ನು ಪರೀಕ್ಷಿಸುವ ವಿಜ್ಞಾನಿ, ಅಂದರೆ ರಿವ್ಯೂವರ್, ನೂರು ಪ್ರಶ್ನೆ ಕೇಳಬಹುದು. ಕೆದಕಿ ನೋಡಿದರೆ ಹೆಚ್ಚಿನವೆಲ್ಲ ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ: ನೀವು ಹೇಳುತ್ತಿರುವುದು ತಪ್ಪಾಗಿದ್ದರೆ, ಅದು ನಿಮಗೆ ಹೇಗೆ ಗೊತ್ತಾಗುತ್ತಿತ್ತು?

"ಪ್ರಯೋಗ" ಎಂಬ ಪದದ ಹಠ

ಈ ಜರ್ನಲ್ ಶುರುವಾದದ್ದು 1923ರಲ್ಲಿ, ಬ್ರಿಟನ್ನಿನಲ್ಲಿ. ಹಿಂದೆ ನಿಂತವರಲ್ಲಿ ಲ್ಯಾನ್ಸ್‌ಲಾಟ್ ಹಾಗ್‌ಬೆನ್, ಜೂಲಿಯನ್ ಹಕ್ಸ್‌ಲಿ, ಫ್ರಾನ್ಸಿಸ್ ಕ್ರೂ ಇದ್ದರು. ಆ ಕಾಲದ ಪ್ರಾಣಿಶಾಸ್ತ್ರದಲ್ಲಿ ಸತ್ತ ಪ್ರಾಣಿಯನ್ನು ಕೊಯ್ದು, ಚಿತ್ರ ಬರೆದು, ಹೆಸರಿಟ್ಟು, ಸಾಲಾಗಿ ಜೋಡಿಸುವ ಕೆಲಸವೇ ಜಾಸ್ತಿ. ಇವರಿಗೆ ಬದುಕಿರುವ ಪ್ರಾಣಿ ಬೇಕಿತ್ತು. ಏನನ್ನಾದರೂ ಬದಲಿಸಿ, ಆಗ ಏನಾಗುತ್ತದೆ ಎಂದು ಅಳೆಯಬೇಕಿತ್ತು. ಜರ್ನಲ್ಲಿನ ಹೆಸರಲ್ಲಿ "ಎಕ್ಸ್‌ಪೆರಿಮೆಂಟಲ್" ಎಂಬ ಪದ ಬಂದದ್ದು ಆ ಹಠದಿಂದ.

ಹಠ ಇತ್ತು, ದುಡ್ಡಿರಲಿಲ್ಲ. ಎರಡೇ ವರ್ಷಕ್ಕೆ ಪತ್ರಿಕೆ ಮುಳುಗುವ ಹಾಗಾಯಿತು. ಆಗ ಜಾರ್ಜ್ ಪಾರ್ಕರ್ ಬಿಡ್ಡರ್ ಎಂಬ ಪ್ರಾಣಿಶಾಸ್ತ್ರಜ್ಞ 1925ರಲ್ಲಿ "ದಿ ಕಂಪನಿ ಆಫ್ ಬಯಾಲಜಿಸ್ಟ್ಸ್" ಎಂಬ ಸಂಸ್ಥೆ ಕಟ್ಟಿ ಅದನ್ನು ಎತ್ತಿ ನಿಲ್ಲಿಸಿದರು. ಅದೇ ಸಂಸ್ಥೆ ಇವತ್ತಿಗೂ ಇದನ್ನು ನಡೆಸುತ್ತಿದೆ. ಜೊತೆಗೆ "ಡೆವಲಪ್‌ಮೆಂಟ್", "ಜರ್ನಲ್ ಆಫ್ ಸೆಲ್ ಸೈನ್ಸ್" ಮುಂತಾದವೂ ಅದರವೇ. ಹೆಸರಿನಲ್ಲಿ ಕಂಪನಿ ಇದ್ದರೂ ಅದು ಲಾಭಕ್ಕಾಗಿ ನಡೆಯುವುದಲ್ಲ.

ಈ ಜರ್ನಲ್ಲಿನ ಪುಟ ತಿರುವಿದರೆ ಪ್ರಾಣಿಗಳ ಮೆರವಣಿಗೆಯೇ ಕಾಣುತ್ತದೆ. ಹಮ್ಮಿಂಗ್‌ಬರ್ಡ್, ಹಲ್ಲಿ, ಆಕ್ಟೋಪಸ್, ಬಾವಲಿ. ಇದು ಶೋಕಿ ಅಲ್ಲ. 1920ರ ನೊಬೆಲ್ ಪಡೆದ ಆಗಸ್ಟ್ ಕ್ರೋ 1929ರಲ್ಲಿ ಒಂದು ಮಾತು ಹೇಳಿದ್ದರು: ಎಷ್ಟೋ ಪ್ರಶ್ನೆಗಳಿಗೆ, ಆ ಪ್ರಶ್ನೆಯನ್ನು ಎಲ್ಲಕ್ಕಿಂತ ಸುಲಭವಾಗಿ ಕೇಳಬಹುದಾದ ಒಂದು ಪ್ರಾಣಿ ಇದ್ದೇ ಇರುತ್ತದೆ. ನರದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂದು ತಿಳಿಯಲು ಹಾಜ್ಕಿನ್ ಮತ್ತು ಹಕ್ಸ್‌ಲಿ ಆಕ್ಟೋಪಸ್‌ನ ನೆಂಟನಾದ ಸ್ಕ್ವಿಡ್ ಎಂಬ ಕಡಲಜೀವಿಯನ್ನು ಹಿಡಿದದ್ದು ಅದಕ್ಕೇ. ಅದರ ಒಂದು ನರತಂತು ಕಣ್ಣಿಗೆ ಕಾಣುವಷ್ಟು ದಪ್ಪ. ಒಳಗೆ ತಂತಿ ತೂರಿಸಬಹುದು. ಅಂದಹಾಗೆ ಈ ಹಕ್ಸ್‌ಲಿ ಆಂಡ್ರೂ. ಮೇಲೆ ಹೇಳಿದ ಜೂಲಿಯನ್ ಅವರ ಮಲತಮ್ಮ.

ಹಾಗಾಗಿ "ನಾನು ಈ ಪ್ರಾಣಿಯನ್ನು ಆರಿಸಿದ್ದು ಯಾಕೆ?" ಎಂಬುದಕ್ಕೆ ಪೇಪರಿನಲ್ಲಿ ಗಟ್ಟಿ ಉತ್ತರ ಇರಬೇಕು. "ಇದರ ಮೇಲೆ ಈವರೆಗೆ ಯಾರೂ ಕೆಲಸ ಮಾಡಿಲ್ಲ" ಎನ್ನುವುದು ಉತ್ತರವಲ್ಲ. ಯಾರೂ ಮಾಡದೇ ಇರಲು ಒಳ್ಳೆಯ ಕಾರಣವೂ ಇರಬಹುದು, ಅಲ್ವಾ?

ಎಂಟು ಮಿಡತೆ, ನೂರಿಪ್ಪತ್ತು ಜಿಗಿತ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬ ವಿದ್ಯಾರ್ಥಿನಿಗೆ ಒಂದು ಕುತೂಹಲ. ಮಿಡತೆಗೆ ಬಿಸಿ ತಾಗಿದರೆ ಅದು ಜಾಸ್ತಿ ದೂರ ಹಾರುತ್ತದಾ? ಎಂಟು ಮಿಡತೆ ತೆಗೆದುಕೊಂಡಳು. ಪ್ರತಿಯೊಂದನ್ನೂ 20 ಡಿಗ್ರಿಯಲ್ಲಿ 15 ಸಲ, 30 ಡಿಗ್ರಿಯಲ್ಲಿ 15 ಸಲ ಹಾರಿಸಿದಳು. ಒಂದೊಂದು ತಾಪಮಾನಕ್ಕೆ 120 ಜಿಗಿತ. ಗ್ರಾಫ್ ಹಾಕಿದಳು. ವ್ಯತ್ಯಾಸ ಎದ್ದು ಕಾಣುತ್ತಿದೆ. ಪಿ-ವ್ಯಾಲ್ಯೂ, ಅಂದರೆ ಬಿಸಿಯಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ, ಅಂತೂ ಸೊನ್ನೆಗೆ ಹತ್ತಿರ. ಗೈಡ್ ಖುಷಿ. ಪೇಪರ್ ಬರೆದರು.

ಇದರಲ್ಲಿ ಎರಡು ಗುಂಡಿ ಇವೆ. ಮೊದಲನೆಯದರಿಂದ ಎದ್ದು ಬರಬಹುದು. ಎರಡನೆಯದರಿಂದ ಆಗುವುದಿಲ್ಲ.

ಮೊದಲ ಗುಂಡಿ, ಎಣಿಕೆ. ಪೇಪರಿನಲ್ಲಿ "ಎನ್ = 120" ಎಂದು ಬರೆದಿದ್ದಾಳೆ. ಎನ್ ಎಂದರೆ ಒಂದಕ್ಕೊಂದು ಸಂಬಂಧ ಇಲ್ಲದ ಅಳತೆಗಳ ಸಂಖ್ಯೆ. ಆದರೆ ಒಂದೇ ಮಿಡತೆಯ 15 ಜಿಗಿತಗಳು ಹಾಗಲ್ಲ. ಅದು ಗಟ್ಟಿ ಕಾಲಿನ ಮಿಡತೆಯಾದರೆ 15 ಜಿಗಿತವೂ ದೂರ ಹೋಗುತ್ತದೆ. ಒಬ್ಬನನ್ನೇ ಹದಿನೈದು ಸಲ ಕೇಳಿದರೆ ಹದಿನೈದು ಸಾಕ್ಷಿ ಆಗುವುದಿಲ್ಲ. ಅವಳ ನಿಜವಾದ ಎನ್ ಎಂಟು. ಈ ತಪ್ಪಿಗೆ ಸೂಡೋರೆಪ್ಲಿಕೇಶನ್ ಎನ್ನುತ್ತಾರೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಇದರ ಬಗ್ಗೆ ಬರೆದು ಎಚ್ಚರಿಸಿದ್ದರು. ಇವತ್ತಿಗೂ ರಿವ್ಯೂವರ್‌ಗಳ ಕಣ್ಣಿಗೆ ಇದು ದಿನಾ ಬೀಳುತ್ತದೆ. ಪರಿಹಾರ ಇದೆ. ಯಾವ ಜಿಗಿತ ಯಾವ ಮಿಡತೆಯದು ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಮಿಕ್ಸೆಡ್ ಮಾಡೆಲ್ ಬಳಸಿ ಮತ್ತೆ ಲೆಕ್ಕ ಹಾಕಬೇಕು. ಪಿ-ವ್ಯಾಲ್ಯೂ ಅಷ್ಟು ಚಂದ ಕಾಣದೇ ಇರಬಹುದು. ಆದರೆ ಡೇಟಾ ಉಳಿಯುತ್ತದೆ.

ಎರಡನೇ ಗುಂಡಿ, ಹೊತ್ತು. ಲ್ಯಾಬ್ ನೋಟ್‌ಬುಕ್ ತೆಗೆದು ನೋಡಿ. 20 ಡಿಗ್ರಿಯ ಪ್ರಯೋಗ ಎಲ್ಲ ಬೆಳಿಗ್ಗೆ. ಊಟ ಮುಗಿಸಿ ಬಂದು ಹೀಟರ್ ಹಾಕಿ, 30 ಡಿಗ್ರಿಯದೆಲ್ಲ ಮಧ್ಯಾಹ್ನ. ಅವಳಿಗೆ ಹಾಗೆ ಅನುಕೂಲ. ಈಗ ಹೇಳಿ, ಮಿಡತೆ ಜಾಸ್ತಿ ಹಾರಿದ್ದು ಬಿಸಿಯಿಂದಲೋ, ಮಧ್ಯಾಹ್ನ ಅದು ಚುರುಕಾಗಿರುವುದರಿಂದಲೋ, ಇಲ್ಲಾ ಬೆಳಿಗ್ಗೆ 15 ಸಲ ಹಾರಿ ಅಭ್ಯಾಸ ಆಗಿದ್ದರಿಂದಲೋ? ಆ ಡೇಟಾದಲ್ಲಿ ಉತ್ತರ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಬರುವುದಿಲ್ಲ. ಎಷ್ಟು ಚೆನ್ನಾಗಿ ಬರೆದರೂ ಬರುವುದಿಲ್ಲ. ಪ್ರತಿ ಮಿಡತೆಗೂ ಮೊದಲು ಬಿಸಿಯೋ ತಂಪೋ ಎಂದು ಚೀಟಿ ಎತ್ತಿ ನಿರ್ಧರಿಸಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಈಗ ಪ್ರಯೋಗವನ್ನೇ ಮತ್ತೆ ಮಾಡಬೇಕು.

ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲೇ ಸೇರಿಸುತ್ತೇನೆ. ಜಿಗಿತದ ದೂರವನ್ನು ವಿಡಿಯೋದಿಂದ ಅಳೆದದ್ದು ಯಾರು? ಅವಳೇ. ಯಾವ ವಿಡಿಯೋ ಬಿಸಿಯದು, ಯಾವುದು ತಂಪಿನದು ಎಂದು ಅವಳಿಗೆ ಗೊತ್ತಿತ್ತು. ಕಾಲು ನೆಲಕ್ಕೆ ತಾಗಿದ್ದು ಈ ಫ್ರೇಮಿನಲ್ಲೋ ಮುಂದಿನದರಲ್ಲೋ ಎಂಬ ಅನುಮಾನ ಬಂದಾಗ, ಕೈ ಗೊತ್ತಿಲ್ಲದ ಹಾಗೆ ಒಂದು ಕಡೆ ವಾಲುತ್ತದೆ. ಇದು ಮೋಸ ಅಲ್ಲ, ಮನುಷ್ಯನ ಸ್ವಭಾವ. ಬೇರೆ ಯಾರಿಗಾದರೂ ಹೇಳಿ ಫೈಲುಗಳ ಹೆಸರು ಬದಲಿಸಿಸಿ, ಅಳತೆ ಮುಗಿದ ಮೇಲೆ ಗುಟ್ಟು ಬಿಚ್ಚಬೇಕು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 2010ರಲ್ಲಿ ಬಂದು 2020ರಲ್ಲಿ ಪರಿಷ್ಕಾರವಾದ "ಅರೈವ್" ಮಾರ್ಗಸೂಚಿ ಕೇಳುವುದು ಇಂಥದ್ದನ್ನೇ. ಎಷ್ಟು ಪ್ರಾಣಿ, ಯಾಕೆ ಅಷ್ಟು, ಯಾವುದು ಯಾವ ಗುಂಪಿಗೆ ಹೋಗಬೇಕೆಂದು ಹೇಗೆ ನಿರ್ಧರಿಸಿದಿರಿ, ಅಳೆದವರಿಗೆ ಗುಂಪು ಗೊತ್ತಿತ್ತಾ, ಯಾವ ಪ್ರಾಣಿಯನ್ನಾದರೂ ಲೆಕ್ಕದಿಂದ ಕೈಬಿಟ್ಟಿರಾ.

ಸಂಪಾದಕರ ಮೇಜಿನ ಮೇಲೆ

ಪೇಪರ್ ಕಳಿಸಿದ ಕೂಡಲೇ ರಿವ್ಯೂವರ್ ಕೈಗೆ ಹೋಗುವುದಿಲ್ಲ. ಮೊದಲು ನೋಡುವವರು ಸಂಪಾದಕರು. "ನೇಚರ್", "ಸೆಲ್" ಮುಂತಾದ ದೊಡ್ಡ ಜರ್ನಲ್‌ಗಳಲ್ಲಿ ಅವರು ಪೂರ್ತಿ ಸಮಯ ಅದೇ ಕೆಲಸ ಮಾಡುವವರು. ಪಿಎಚ್‌ಡಿ ಮಾಡಿ, ಲ್ಯಾಬ್ ಬಿಟ್ಟು ಬಂದವರು. ಎಕ್ಸ್‌ಪೆರಿಮೆಂಟಲ್ ಬಯಾಲಜಿಯಂಥ ಜರ್ನಲ್‌ಗಳಲ್ಲಿ ಪೇಪರಿನ ತೀರ್ಮಾನ ಮಾಡುವ ಸಂಪಾದಕರು ತಮ್ಮದೇ ಲ್ಯಾಬ್ ನಡೆಸುತ್ತಿರುವ ವಿಜ್ಞಾನಿಗಳು. ಇದರಿಂದ ಫರಕು ಬೀಳುತ್ತದೆ. ಮೊದಲ ಬಗೆಯವರು "ಇದು ಬೇರೆ ಕ್ಷೇತ್ರದವರಿಗೂ ಬೇಕಾಗುತ್ತದಾ?" ಎಂದು ಜಾಸ್ತಿ ನೋಡುತ್ತಾರೆ. ಎರಡನೆಯವರು "ಇದು ಸರಿಯಾಗಿ ಮಾಡಿದ ಕೆಲಸವಾ, ಹೊಸದಾಗಿ ಏನಾದರೂ ಅರ್ಥವಾಯಿತಾ?" ಎಂದು ನೋಡುತ್ತಾರೆ.

ದೊಡ್ಡ ಜರ್ನಲ್‌ಗಳಿಗೆ ಬರುವ ಪೇಪರ್‌ಗಳಲ್ಲಿ ಬಹಳಷ್ಟು ಇಲ್ಲಿಂದಲೇ ವಾಪಸ್. ಇದಕ್ಕೆ ಡೆಸ್ಕ್ ರಿಜೆಕ್ಟ್ ಎನ್ನುತ್ತಾರೆ. ಬೇಜಾರಾಗುತ್ತದೆ, ನಿಜ. ಆದರೆ ಐದು ತಿಂಗಳು ಕಾಯಿಸಿ ಬೇಡ ಎನ್ನುವುದಕ್ಕಿಂತ ಐದು ದಿನದಲ್ಲಿ ಬೇಡ ಎನ್ನುವುದು ಎಷ್ಟೋ ವಾಸಿ. ಹೆಚ್ಚಿನ ಸಲ ಕಾರಣ ಕೆಲಸದ ಗುಣಮಟ್ಟವೂ ಅಲ್ಲ. ತಪ್ಪು ಮನೆಯ ಬಾಗಿಲು ಬಡಿದಿರುತ್ತಾರೆ, ಅಷ್ಟೇ. ಬಿಸಿಲಲ್ಲಿ ಯಾವ ಹಲ್ಲಿ ಎಲ್ಲಿ ಕೂರುತ್ತದೆ ಎಂಬ ಪಟ್ಟಿ ಪರಿಸರ ವಿಜ್ಞಾನದ ಜರ್ನಲ್‌ಗೆ ಹೊಂದಬಹುದು. ಎಕ್ಸ್‌ಪೆರಿಮೆಂಟಲ್ ಬಯಾಲಜಿಗೆ ಬೇಕಾದದ್ದು, ಆ ಬಿಸಿ ಹಲ್ಲಿಯ ಸ್ನಾಯುವಿಗೆ ಏನು ಮಾಡುತ್ತದೆ ಎಂಬುದು.

ಮೇಜಿನಿಂದಲೇ ವಾಪಸ್ ಬಂದ ಪೇಪರ್‌ಗಳ ಪೈಕಿ ಒಂದರ ಕಥೆ ಎಲ್ಲರಿಗೂ ಇಷ್ಟ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಜೀವಕೋಶ ಆಹಾರದಿಂದ ಶಕ್ತಿ ತೆಗೆಯುವ ಚಕ್ರದ ಬಗ್ಗೆ "ನೇಚರ್"ಗೆ ಬರೆದು ಕಳಿಸಿದರು. ಈಗಾಗಲೇ ಏಳೆಂಟು ವಾರಕ್ಕಾಗುವಷ್ಟು ಪತ್ರಗಳಿವೆ, ಜಾಗ ಇಲ್ಲ ಎಂಬ ಉತ್ತರ ಬಂತು. ಅವರು ಅದನ್ನು "ಎನ್‌ಜೈಮೊಲೊಜಿಯಾ" ಎಂಬ ಜರ್ನಲ್‌ಗೆ ಕೊಟ್ಟರು. 1953ರಲ್ಲಿ ನೊಬೆಲ್ ಬಂತು. ಇವತ್ತು ಶಾಲೆಯ ಪುಸ್ತಕದಲ್ಲಿರುವ ಕ್ರೆಬ್ಸ್ ಚಕ್ರ ಅದೇ. ರಿಜೆಕ್ಟ್ ಆದವರೆಲ್ಲ ಈ ಕಥೆ ಹೇಳಿಕೊಂಡು ಸಮಾಧಾನಪಡುತ್ತಾರೆ. ನಾನೂ ಹೇಳಿಕೊಂಡಿದ್ದೇನೆ. ನನ್ನ ಪೇಪರ್ ಮಾತ್ರ ಕ್ರೆಬ್ಸ್ ಚಕ್ರ ಆಗಿರಲಿಲ್ಲ.

ಪೇಪರಿನ ಜೊತೆ ಒಂದು ಕವರ್ ಲೆಟರ್ ಇರುತ್ತದೆ. ಒಂದು ಪುಟ ಸಾಕು. ಯಾವ ಪ್ರಶ್ನೆ, ಏನು ಕಂಡಿರಿ, ಈ ಜರ್ನಲ್ ಓದುವವರಿಗೆ ಅದು ಯಾಕೆ ಬೇಕು. ಅದರಲ್ಲಿ "ಕ್ರಾಂತಿಕಾರಿ" ಎಂಬ ಪದ ಇದ್ದರೆ ತೆಗೆದುಬಿಡಿ.

ರಿವ್ಯೂವರ್ ಎಂಬ ಅಪರಿಚಿತ

ಸಂಪಾದಕರು ಒಪ್ಪಿದರೆ ಪೇಪರ್ ಸಾಮಾನ್ಯವಾಗಿ ಇಬ್ಬರು ಮೂವರು ರಿವ್ಯೂವರ್‌ಗಳಿಗೆ ಹೋಗುತ್ತದೆ. ಅದೇ ಕ್ಷೇತ್ರದ ಬೇರೆ ವಿಜ್ಞಾನಿಗಳು. ಸಂಬಳ ಇಲ್ಲ. ಹೆಚ್ಚಿನ ಕಡೆ ಅವರ ಹೆಸರು ಲೇಖಕರಿಗೆ ಗೊತ್ತಾಗುವುದಿಲ್ಲ. ತಮ್ಮ ಕೆಲಸ ಮುಗಿಸಿ, ರಾತ್ರಿ ಕೂತು ನಿಮ್ಮ ಪೇಪರ್ ಓದುತ್ತಾರೆ.

ಇದು ಆದಿಕಾಲದಿಂದ ಬಂದ ಪದ್ಧತಿ ಎಂದು ಅನ್ನಿಸಬಹುದು. ಹಾಗೇನಿಲ್ಲ. ವಿಜ್ಞಾನದ ಜರ್ನಲ್‌ಗಳು ಶುರುವಾದದ್ದು 1665ರಲ್ಲಿ. ಆದರೆ "ನೇಚರ್" ಪ್ರತಿ ಪೇಪರನ್ನೂ ಹೊರಗಿನವರಿಗೆ ಕಳಿಸುವುದನ್ನು ನಿಯಮ ಮಾಡಿಕೊಂಡದ್ದು 1973ರಲ್ಲಿ. 1953ರ ವಾಟ್ಸನ್ ಮತ್ತು ಕ್ರಿಕ್ ಅವರ ಡಿಎನ್‌ಎ ಪೇಪರ್ ಯಾವ ರಿವ್ಯೂವರ್ ಕೈಗೂ ಹೋಗಿರಲಿಲ್ಲ.

ನಮ್ಮ ಮಿಡತೆ ಪೇಪರಿಗೆ ಬರೋಣ. ರಿವ್ಯೂವರ್ ಬರೆದರು ಅಂದುಕೊಳ್ಳಿ:

"30 ಡಿಗ್ರಿಯ ಪ್ರಯೋಗಗಳೆಲ್ಲ ಮಧ್ಯಾಹ್ನವೇ ನಡೆದ ಹಾಗಿದೆ. ಜಿಗಿತ ಹೆಚ್ಚಿದ್ದಕ್ಕೆ ತಾಪಮಾನವೇ ಕಾರಣ ಎಂದು ಹೇಗೆ ಹೇಳುತ್ತೀರಿ?"

ಇದನ್ನು ಓದಿದ ಮೊದಲ ದಿನ ಸಿಟ್ಟು ಬರುತ್ತದೆ. ಆ ದಿನ ಉತ್ತರ ಬರೆಯಬಾರದು. ಬರೆದರೆ ಅದು ಹೀಗಿರುತ್ತದೆ: "ನಮ್ಮ ಅನುಭವದಲ್ಲಿ ಹೊತ್ತಿನಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಇದನ್ನು ಚರ್ಚೆಯ ಭಾಗದಲ್ಲಿ ಒಂದು ವಾಕ್ಯದಲ್ಲಿ ಸೇರಿಸಿದ್ದೇವೆ." ರಿವ್ಯೂವರ್ ಕೇಳಿದ್ದು ಪುರಾವೆ. ಸಿಕ್ಕಿದ್ದು ಭರವಸೆ. ಪೇಪರ್ ಅಲ್ಲಿಗೆ ಮುಗಿಯಿತು.

ಒಂದೆರಡು ತಿಂಗಳು ಬಿಟ್ಟು ಬರೆದ ಉತ್ತರ ಹೀಗಿರಬಹುದು: "ಈ ಪ್ರಶ್ನೆ ಸರಿಯಾದದ್ದು. ಹೊಸ 12 ಮಿಡತೆಗಳ ಮೇಲೆ ಪ್ರಯೋಗವನ್ನು ಮತ್ತೆ ಮಾಡಿದ್ದೇವೆ. ಈ ಸಲ ಯಾವ ತಾಪಮಾನ ಮೊದಲು ಎಂಬುದನ್ನು ಪ್ರತಿ ಮಿಡತೆಗೂ ಚೀಟಿ ಎತ್ತಿ ನಿರ್ಧರಿಸಿದೆವು. ವ್ಯತ್ಯಾಸ ಉಳಿದಿದೆ, ಆದರೆ ಮೊದಲು ಹೇಳಿದ್ದಕ್ಕಿಂತ ಚಿಕ್ಕದಾಗಿದೆ. ಹಳೆಯ ಡೇಟಾ ತೆಗೆದಿದ್ದೇವೆ. ಹೊಸದು ಫಿಗರ್ 3ರಲ್ಲಿದೆ. ಶೀರ್ಷಿಕೆಯನ್ನೂ ಬದಲಿಸಿದ್ದೇವೆ."

"ಚಿಕ್ಕದಾಗಿದೆ" ಎಂಬ ಪದ ಗಮನಿಸಿ. ಅದನ್ನು ಒಪ್ಪಿ ಬರೆದವರ ಮೇಲೆ ನಂಬಿಕೆ ಹುಟ್ಟುತ್ತದೆ. ನಾನು ರಿವ್ಯೂವರ್ ಆಗಿದ್ದರೆ ಉಳಿದ ಪುಟಗಳನ್ನು ಸ್ವಲ್ಪ ಮೆತ್ತಗೆ ಓದುತ್ತೇನೆ.

ರಿವ್ಯೂವರ್ ಯಾವಾಗಲೂ ಸರಿ ಎಂದಲ್ಲ. ಕೆಲವರು ಪೇಪರ್ ಸರಿಯಾಗಿ ಓದಿರುವುದಿಲ್ಲ. ಕೆಲವರಿಗೆ ತಮ್ಮದೇ ಪೇಪರ್‌ಗಳ ಉಲ್ಲೇಖ ಬೇಕು. ಇನ್ನು ಕೆಲವರು "ಈ ಒಂದು ಪ್ರಯೋಗ ಮಾಡಿದ್ದರೆ ಚೆನ್ನಾಗಿತ್ತು" ಎಂದು ಮೂರು ವರ್ಷದ ಕೆಲಸ ಹೇಳುತ್ತಾರೆ. ಅಂಥ ಕಡೆ ಇಲ್ಲ ಎನ್ನಬಹುದು. ಕಾರಣ ಕೊಟ್ಟು, ಮರ್ಯಾದೆಯಿಂದ. ಕೊನೆಗೆ ತೀರ್ಮಾನ ಸಂಪಾದಕರದ್ದು. ಒಂದು ಮಾತು ಮಾತ್ರ ನೆನಪಿಡಬೇಕು: ರಿವ್ಯೂವರ್‌ಗೆ ಅರ್ಥವಾಗಲಿಲ್ಲ ಎಂದರೆ, ಆ ಜಾಗದಲ್ಲಿ ಓದುಗರೂ ಮುಗ್ಗರಿಸುತ್ತಾರೆ.

ಚಿತ್ರ ಹೇಳುವುದು, ಚಿತ್ರ ಮುಚ್ಚಿಡುವುದು

ಗೊತ್ತಿರುವವರು ಪೇಪರನ್ನು ಮೊದಲ ಸಾಲಿನಿಂದ ಓದುವುದಿಲ್ಲ. ಶೀರ್ಷಿಕೆ, ಸಾರಾಂಶ, ಆಮೇಲೆ ನೇರ ಫಿಗರ್‌ಗಳಿಗೆ.

ಅವಳ ಮೊದಲ ಗ್ರಾಫ್‌ನಲ್ಲಿ ಎರಡು ಕಂಬಗಳಿದ್ದವು. ತಂಪಿಗೆ ಒಂದು, ಬಿಸಿಗೆ ಒಂದು. ಸರಾಸರಿ ಮಾತ್ರ. ಈಗ ಅದೇ ಡೇಟಾವನ್ನು ಚುಕ್ಕಿಗಳಾಗಿ ಹಾಕೋಣ. ಒಂದು ಮಿಡತೆಗೆ ಒಂದು ಚುಕ್ಕಿ, ತಂಪಿನ ಚುಕ್ಕಿಯಿಂದ ಬಿಸಿಯ ಚುಕ್ಕಿಗೆ ಒಂದು ಗೆರೆ. ತಕ್ಷಣ ಬೇರೆಯದೇ ಕಾಣುತ್ತದೆ. ಆರು ಮಿಡತೆಗಳಲ್ಲಿ ಅಂಥ ವ್ಯತ್ಯಾಸವೇ ಇಲ್ಲ. ಎರಡು ಮಾತ್ರ ಬಿಸಿಯಲ್ಲಿ ವಿಪರೀತ ಹಾರಿವೆ. ಸರಾಸರಿಯನ್ನು ಎತ್ತಿದ್ದು ಆ ಎರಡೇ. ಕಂಬ ಇದನ್ನು ಮುಚ್ಚಿಟ್ಟಿತ್ತು. ಬೇರೆ ಬೇರೆ ಡೇಟಾದಿಂದ ಒಂದೇ ರೀತಿಯ ಕಂಬ ಬರಬಹುದು ಎಂಬುದನ್ನು 2015ರಲ್ಲಿ "ಪ್ಲಾಸ್ ಬಯಾಲಜಿ"ಯಲ್ಲಿ ಬಂದ ಒಂದು ಲೇಖನ ಚೆನ್ನಾಗಿ ತೋರಿಸಿತು. ಆಮೇಲೆ ಎಷ್ಟೋ ಜರ್ನಲ್‌ಗಳು ಚುಕ್ಕಿಗಳನ್ನೇ ಕೇಳತೊಡಗಿದವು.

ಫೋಟೋಗಳ ವಿಷಯ ಇನ್ನೂ ಸೂಕ್ಷ್ಮ. ಮೈಕ್ರೋಸ್ಕೋಪಿನ ಚಿತ್ರ, ಪ್ರೋಟೀನ್‌ಗಳು ಗೆರೆಗಳಾಗಿ ಮೂಡುವ ಚಿತ್ರ, ಇವುಗಳಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡಬಹುದು, ಆದರೆ ಇಡೀ ಚಿತ್ರಕ್ಕೆ ಒಂದೇ ಸಮನಾಗಿ. ಒಂದು ಮೂಲೆಯ ಕಲೆ ಅಳಿಸುವ ಹಾಗಿಲ್ಲ. 2016ರಲ್ಲಿ ಎಲಿಜಬೆತ್ ಬಿಕ್ ಮತ್ತು ಜೊತೆಗಾರರು 20,621 ಪೇಪರ್‌ಗಳ ಚಿತ್ರಗಳನ್ನು ನೋಡಿದ ಫಲಿತಾಂಶ ಪ್ರಕಟಿಸಿದರು. 3.8 ಶೇಕಡಾ ಪೇಪರ್‌ಗಳಲ್ಲಿ ಒಂದೇ ಚಿತ್ರ ಎರಡು ಕಡೆ ಬಂದಿರುವಂಥ ತೊಂದರೆ ಇತ್ತು. ಬಿಕ್ ಆ ಚಿತ್ರಗಳನ್ನು ನೋಡಿದ್ದು ಬರಿಗಣ್ಣಿನಲ್ಲಿ, ಒಂದೊಂದಾಗಿ. ಎಲ್ಲವೂ ಮೋಸ ಅಲ್ಲ. "ಫೈನಲ್", "ಫೈನಲ್ 2", "ಫೈನಲ್ ನಿಜವಾಗ್ಲೂ" ಎಂದು ಹೆಸರಿಟ್ಟ ಫೈಲುಗಳ ನಡುವೆ ತಪ್ಪು ಚಿತ್ರ ನುಸುಳುವುದು ಸುಲಭ. ಆದರೆ ಮೂಲ ಚಿತ್ರ ಕೇಳಿದಾಗ ತೋರಿಸಲು ಆಗದಿದ್ದರೆ, ಎಡವಟ್ಟಿಗೂ ಮೋಸಕ್ಕೂ ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ.

ದುಡ್ಡು ಮತ್ತು ಅಂಕ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿ ಮಾತಾಡುತ್ತಾರೆ.

ಜರ್ನಲ್ ನಡೆಸುವ ಖರ್ಚನ್ನು ಓದುವವರ ಲೈಬ್ರರಿ ಕೊಡಬೇಕು, ಇಲ್ಲಾ ಬರೆದವರು ಕೊಡಬೇಕು. ಬರೆದವರು ಕೊಟ್ಟರೆ ಪೇಪರನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಆ ಶುಲ್ಕ ಕೆಲವು ಕಡೆ ತಲೆತಿರುಗುವ ಹಾಗಿರುತ್ತದೆ. "ನೇಚರ್" 2020ರಲ್ಲಿ ಹೇಳಿದ ಮೊತ್ತ 9,500 ಯೂರೋ. ಲೈಬ್ರರಿಗಳ ಚಂದಾದಿಂದ ನಡೆಯುವ ಕಡೆ ಬರೆದವರಿಗೆ ಹೆಚ್ಚಾಗಿ ಖರ್ಚಿರುವುದಿಲ್ಲ. "ಮೂರೇ ದಿನದಲ್ಲಿ ಪ್ರಕಟಣೆ, ದುಡ್ಡು ಕಳಿಸಿ" ಎಂದು ಇಮೇಲ್ ಬಂದರೆ ಅದನ್ನು ಅಳಿಸಿಬಿಡಿ. ಮೂರು ದಿನದಲ್ಲಿ ಮಿಡತೆಯ ಹೊತ್ತಿನ ಬಗ್ಗೆ ಯಾರೂ ಕೇಳಿರುವುದಿಲ್ಲ.

ಇನ್ನು ಇಂಪ್ಯಾಕ್ಟ್ ಫ್ಯಾಕ್ಟರ್. ಲೆಕ್ಕ ಸುಲಭ. ಹಿಂದಿನ ಎರಡು ವರ್ಷಗಳಲ್ಲಿ ಒಂದು ಜರ್ನಲ್ 400 ಪೇಪರ್ ಪ್ರಕಟಿಸಿತು, ಈ ವರ್ಷ ಅವುಗಳಿಗೆ ಒಟ್ಟು 1,200 ಉಲ್ಲೇಖ ಸಿಕ್ಕಿತು ಅನ್ನಿ. ಭಾಗಿಸಿದರೆ 3. ಯೂಜೀನ್ ಗಾರ್‌ಫೀಲ್ಡ್ ಅವರ ತಲೆಯಲ್ಲಿ ಹುಟ್ಟಿದ ಈ ಅಂಕೆ ಬೆಳೆದದ್ದು ಜರ್ನಲ್‌ಗಳನ್ನು ಹೋಲಿಸಲು, ಮನುಷ್ಯರನ್ನು ಅಳೆಯಲು ಅಲ್ಲ. ಆ 1,200ರಲ್ಲಿ ದೊಡ್ಡ ಪಾಲು ಕೆಲವೇ ಪೇಪರ್‌ಗಳದ್ದಾಗಿರುತ್ತದೆ. ನಿಮ್ಮದಕ್ಕೆ ಸೊನ್ನೆ ಇದ್ದರೂ ಜರ್ನಲ್ಲಿನ ಅಂಕೆ 3 ಆಗಿಯೇ ಇರುತ್ತದೆ. ಒಬ್ಬ ವಿಜ್ಞಾನಿಯ ಕೆಲಸವನ್ನು ಇದರಿಂದ ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆಯನ್ನೇ ಸಿದ್ಧಪಡಿಸಿದರು. ಸಹಿ ಹಾಕಿದವರು ಬಹಳ. ನೇಮಕಾತಿಯ ಕೋಣೆಯಲ್ಲಿ ಆ ಅಂಕೆಯನ್ನು ಕದ್ದು ನೋಡುವವರೂ ಬಹಳ.

ಮೊದಲೇ ಕೇಳಿದರೆ?

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೊತ್ತಿನ ತಪ್ಪನ್ನು ರಿವ್ಯೂವರ್ ಹೇಳಿದ್ದು ಪ್ರಯೋಗ ಮುಗಿದ ಮೇಲೆ. ಮೊದಲೇ ಹೇಳಿದ್ದರೆ?

ಅಂಥ ದಾರಿ ಈಗ ಇದೆ. "ರಿಜಿಸ್ಟರ್ಡ್ ರಿಪೋರ್ಟ್" ಎನ್ನುತ್ತಾರೆ. 2013ರಲ್ಲಿ "ಕಾರ್ಟೆಕ್ಸ್" ಎಂಬ ಜರ್ನಲ್ ಇದನ್ನು ಶುರುಮಾಡಿತು. ಪ್ರಯೋಗ ಮಾಡುವ ಮೊದಲೇ ಯೋಜನೆಯನ್ನು ಕಳಿಸಬೇಕು. ಎಷ್ಟು ಪ್ರಾಣಿ, ಯಾವ ಕ್ರಮ, ಹೇಗೆ ಅಳೆಯುವುದು, ಯಾವ ಲೆಕ್ಕ. ರಿವ್ಯೂವರ್‌ಗಳು ಅದನ್ನು ತಿದ್ದುತ್ತಾರೆ. ಒಪ್ಪಿಗೆಯಾದರೆ, ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಮಾತು ಕೊಡುತ್ತಾರೆ. ಬಿಸಿಯಿಂದ ಏನೂ ಆಗುವುದಿಲ್ಲ ಎಂದು ಬಂದರೂ ಸರಿ. ಹುಡುಕಾಟದ ಕೆಲಸಕ್ಕೆ ಇದು ಅಷ್ಟು ಹೊಂದುವುದಿಲ್ಲ. ಸ್ಕ್ವಿಡ್ ಕೊಯ್ದಾಗ ಏನು ಕಾಣುತ್ತದೆ ಎಂದು ಮೊದಲೇ ಬರೆದುಕೊಡಲು ಆಗುತ್ತದಾ? ಆದರೆ ಮಿಡತೆಯ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಇನ್ನೊಂದು ದಾರಿ ಪ್ರಿಪ್ರಿಂಟ್. ಜರ್ನಲ್ಲಿನ ತೀರ್ಮಾನಕ್ಕೆ ಕಾಯದೆ, ಪೇಪರನ್ನು ಎಲ್ಲರೂ ಓದುವ ಹಾಗೆ ಇಡುವುದು. ಜೀವಶಾಸ್ತ್ರಕ್ಕೆ "ಬಯೋಆರ್ಕೈವ್" ಬಂದದ್ದು 2013ರ ನವೆಂಬರ್‌ನಲ್ಲಿ. ಓದಿದವರು ತಪ್ಪು ಹೇಳುತ್ತಾರೆ. ಉಚಿತವಾಗಿ, ಕೆಲವೊಮ್ಮೆ ಖಾರವಾಗಿ. ನನಗೆ ಇದು ಇಷ್ಟ. ಆದರೆ ಆ ಹೊತ್ತಿಗೆ ಪ್ರಯೋಗ ಮುಗಿದಿರುತ್ತದೆ. ಇವೆಲ್ಲಕ್ಕಿಂತ ಅಗ್ಗದ ದಾರಿ ಪಕ್ಕದ ಲ್ಯಾಬಿನಲ್ಲಿರುವ, ಸ್ವಲ್ಪ ಮೂಗುಮುರಿಯುವ ಸ್ವಭಾವದ ಒಬ್ಬರನ್ನು ಹಿಡಿದು, ಪ್ರಯೋಗಕ್ಕೆ ಮೊದಲು ಅರ್ಧ ಗಂಟೆ ಕೂರಿಸಿಕೊಳ್ಳುವುದು.

ಒಪ್ಪಿಗೆ ಬಂದ ಮೇಲೆ

"ಅಕ್ಸೆಪ್ಟೆಡ್" ಎಂಬ ಇಮೇಲ್ ಬರುತ್ತದೆ. ಆಮೇಲೆ ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತಿದ್ದಲು ಕಳಿಸುವ ಪ್ರತಿ, ಬರುತ್ತದೆ. ಕಣ್ಣು ಸೋತಿರುತ್ತದೆ, ಆದರೂ ಅಳತೆಯ ಮಾನದಲ್ಲಿ ಮೈಕ್ರೋ ಹೋಗಿ ಮಿಲಿ ಆಗಿದೆಯಾ ಎಂದು ನೋಡಲೇಬೇಕು. ಮೂಲ ಡೇಟಾವನ್ನು "ಡ್ರೈಯಾಡ್"ನಂಥ ಸಾರ್ವಜನಿಕ ಭಂಡಾರದಲ್ಲಿ ಇಡಬೇಕು. ಹೆಚ್ಚಿನವರು ಇದನ್ನು ಕೊನೆಯ ರಾತ್ರಿ ಮಾಡುತ್ತಾರೆ. ಕಾಲಂಗಳ ಹೆಸರು "ಟಿ1", "ಟಿ2", "ಹೊಸ_ಟಿ2". ಆರು ತಿಂಗಳಾದ ಮೇಲೆ ಬರೆದವರಿಗೇ ಅದರ ಅರ್ಥ ಗೊತ್ತಿರುವುದಿಲ್ಲ. ಪ್ರತಿ ಕಾಲಂ ಏನು, ಯಾವ ಮಾನದಲ್ಲಿ, ಖಾಲಿ ಜಾಗ ಎಂದರೆ ಅಳೆದಿಲ್ಲವೋ ಸೊನ್ನೆಯೋ, ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟರೆ ಸಾಕು.

ಪೇಪರ್ ಬರುತ್ತದೆ. ನಾಲ್ಕು ಜನ ಅಭಿನಂದಿಸುತ್ತಾರೆ. ವರ್ಷಗಳು ಕಳೆಯುತ್ತವೆ. ಒಂದು ದಿನ ಹೆಸರು ಕೇಳಿರದ ಯಾರೋ ಒಬ್ಬರಿಂದ ಇಮೇಲ್: "ನಿಮ್ಮ ಡೇಟಾ ಬಳಸಿ ಬೇರೆ ಲೆಕ್ಕ ಮಾಡುತ್ತಿದ್ದೇನೆ. 14ನೇ ಸಾಲಿನ ಮಿಡತೆಯ ತೂಕ 23 ಗ್ರಾಂ ಎಂದಿದೆ. 2.3 ಇರಬಹುದಾ?" ಅವಳು ಕಪಾಟಿನ ಮೇಲಿಂದ ಹಳೆಯ ನೋಟ್‌ಬುಕ್ ಇಳಿಸಿ, ಧೂಳು ಒರೆಸಿ, ಆ ದಿನದ ಪುಟ ಹುಡುಕುತ್ತಾಳೆ.